ಕೋರ್ಟು ಏಳುವವರೆಗೆ

ನ್ಯಾಯಾಧೀಶ ಸಾಹೇಬರು ಕುರ್ಚಿಯಿಂದ ಏಳಬಾರದು ಎಂದು ಗುಮಾಸ್ತ ನಿಜಲಿಂಗಪ್ಪ ಊಟದ ವಿರಾಮ ಮುಗಿದಾಗಿನಿಂದ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದ. ದೇವರನ್ನು ಬೇಡುವ ರೂಢಿ ತಪ್ಪಿ ಬಹಳ ದಿನವಾಗಿದ್ದರಿಂದ ಯಾರನ್ನು ಬೇಡುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ, ಬಹುಶಃ ಕುರ್ಚಿಯನ್ನೇ. ಸಾಹೇಬರು ಎದ್ದರೆ ಕೋರ್ಟು ಎದ್ದಂತೆ. ಕೋರ್ಟು ಎದ್ದರೆ ಎದುರಿನ ಬೆಂಚಿನ ಮೇಲೆ ಕಾಲು ಮಡಚಿಕೊಂಡು ಕೂತಿರುವ ಜೈಬುನ್ನೀಸಾಳ ಶಿಕ್ಷೆ ಮುಗಿದಂತೆ. ಮುಗಿಯಲಿ ಬಿಡು, ಒಳ್ಳೆಯದೇ ಅಲ್ಲವೇ ಎಂದು ಯಾರಾದರೂ ಕೇಳಿಯಾರು. ಅದು ಒಳ್ಳೆಯದಲ್ಲ ಎಂದು ಆ ಕೋಣೆಯಲ್ಲಿ ಬಲ್ಲವನು ನಿಜಲಿಂಗಪ್ಪ ಒಬ್ಬನೇ, ಅದೂ ಒಂದು ತಾಸಿನಿಂದ ಈಚೆಗೆ. 'ಕೋರ್ಟು ಏಳುವವರೆಗೆ ಕೂತಿರತಕ್ಕದ್ದು' ಎಂಬುದು ಆದೇಶದ ಮುಂಭಾಗದಲ್ಲಿತ್ತು. ಹಾಳೆ ತಿರುವಿದರೆ ಇನ್ನೊಂದು ಸಾಲು: ಶಿಕ್ಷೆ ಮುಗಿದ ಕೂಡಲೇ ಆರೋಪಿಯನ್ನು ಪೊಲೀಸರು ವಶಕ್ಕೆ ತೆಗೆದುಕೊಂಡು ಸ್ವಂತ ದೇಶಕ್ಕೆ ಸಾಗಿಸತಕ್ಕದ್ದು. ಹೆಸರಿನ ಜಾಗ ಖಾಲಿ ಬಿಟ್ಟ ಆ ಹಾಳೆಯನ್ನು ಸುತ್ತೋಲೆ ನೋಡಿ ಟೈಪು ಮಾಡಿ, ಐವತ್ತು ಪ್ರತಿ ತೆಗೆದು, ಅಂಚು ಸಮ ಮಾಡಿ ಇಟ್ಟವನು ಅವನೇ. ಅಕ್ಷರ ನೋಡಬೇಕು, ಅರ್ಥ ನೋಡುತ್ತ ಕೂತರೆ ಸಾಲು ತಪ್ಪುತ್ತದೆ ಎಂದು ಅವನಿಗೆ ಕೆಲಸ ಕಲಿಸಿದ ಹಿರಿಯ ಗುಮಾಸ್ತರು ಹೇಳಿದ್ದರು. ಸಾಲು ಒಂದೂ ತಪ್ಪಿರಲಿಲ್ಲ. ಇಂದು ಮಧ್ಯಾಹ್ನ ರೊಟ್ಟಿಯ ಡಬ್ಬಿ ಬಿಚ್ಚುವಾಗ, ಮೇಜಿಗೆ ಎಣ್ಣೆ ಹತ್ತದಿರಲೆಂದು ಹೆಚ್ಚಿಗೆ ಉಳಿದ ಒಂದು ಪ್ರತಿಯನ್ನು ಬೋರಲಾಗಿ ಹಾಸಿಕೊಂಡ. ಬದನೆಕಾಯಿ ಪಲ್ಯದ ಪಕ್ಕದಲ್ಲಿ ಅವನು ಅದನ್ನು ಮೊದಲ ಸಲ ಓದಿದ. ಆಮೇಲೆ ಉಣ್ಣಲಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡನೆಯ ರೊಟ್ಟಿಯನ್ನೂ ಉಂಡ, ರುಚಿ ಮಾತ್ರ ತಿಳಿಯಲಿಲ್ಲ.

ಹೊಸ ಜಿಲ್ಲೆಯಾಗಿ ಎರಡು ವರ್ಷವಾಗಿತ್ತು. ಅಣ್ಣತಮ್ಮಂದಿರು ಬೇರೆಯಾಗುವಾಗ ಅಣ್ಣ ಹಿಂಡುವ ಎಮ್ಮೆ ಇಟ್ಟುಕೊಂಡು ಗೊಡ್ಡು ಎಮ್ಮೆಯನ್ನು ತಮ್ಮನ ಕಡೆಗೆ ಹೊಡೆಯುವಂತೆ, ಹಳೆಯ ಜಿಲ್ಲೆಯವರು ಯಾರಿಂದಲೂ ಮುಗಿಯದ ಕಡತಗಳನ್ನೆಲ್ಲ ಲಾರಿ ತುಂಬಿ ಗದಗಿಗೆ ಕಳಿಸಿದ್ದರು. ಅವುಗಳಲ್ಲಿ ಪರದೇಶದವರ ಮೇಲಿನ ಪ್ರಕರಣಗಳು ಒಂಬತ್ತು. ಒಂಬತ್ತೆಂದರೆ ಒಂದು ಕೈಚೀಲದಲ್ಲಿ ಹಿಡಿಯುವಷ್ಟು. ಆದರೆ ದೇಶದ ತುಂಬ ಇಂಥವು ಗುಡ್ಡ ಬಿದ್ದಿವೆ, ವರ್ಷದೊಳಗೆ ಶೂನ್ಯಕ್ಕೆ ತರಬೇಕು ಎಂದು ಮೇಲಿನಿಂದ ಸುತ್ತೋಲೆ ಬಂದದ್ದೇ ತಡ, ಬೆಟಗೇರಿಯ ಒಂದು ಹಳೆಯ ಹತ್ತಿ ಗೋದಾಮಿಗೆ ಸುಣ್ಣ ಬಳಿದು 'ಪರದೇಶಸ್ಥರ ಬಾಕಿ ಪ್ರಕರಣಗಳ ತ್ವರಿತ ವಿಲೇವಾರಿ ವಿಶೇಷ ನ್ಯಾಯಪೀಠ' ಎಂದು ಹಲಗೆ ಹಾಕಿದರು. ಹೆಸರು ಹಲಗೆಯಲ್ಲಿ ಹಿಡಿಯದೆ ಕೊನೆಯ ಎರಡು ಅಕ್ಷರಗಳನ್ನು ಗೋಡೆಯ ಮೇಲೆ ಬರೆಯಬೇಕಾಯಿತು. ಮುಂಡರಗಿಯಲ್ಲಿ ಹಲ್ಲು ಕಟ್ಟುತ್ತಿದ್ದ ಚೀನದವನ ಪ್ರಕರಣ ಮೊದಲು ಮುಗಿಯಿತು. ಅವನು ಸತ್ತು ಇಪ್ಪತ್ತು ವರ್ಷವಾಗಿತ್ತು, ಅವನು ಕಟ್ಟಿದ ಹಲ್ಲುಗಳು ಮಾತ್ರ ಅಲ್ಲಿನ ಮುದುಕರ ಬಾಯಲ್ಲಿ ಇನ್ನೂ ಶೇಂಗಾ ಅಗಿಯುತ್ತಿದ್ದವು. ಶಿರಹಟ್ಟಿಯಲ್ಲಿ ಚಾಕು ಸಾಣೆ ಹಿಡಿಯುತ್ತಿದ್ದ ಪಠಾಣನ ಹೆಸರನ್ನು ಜವಾನ ಹುಲಗಪ್ಪ ಬಾಗಿಲಲ್ಲಿ ನಿಂತು ಮೂರು ಸಲ ಕೂಗಿದ. ಬೀದಿಯಲ್ಲಿದ್ದ ಕತ್ತೆಯೊಂದು ತಿರುಗಿ ನೋಡಿತು. ಗೈರುಹಾಜರಿ ಎಂದು ಬರೆದು ಮುಗಿಸಿದರು. ಸತ್ತವರೂ ಊರು ಬಿಟ್ಟವರೂ ಸರಕಾರಕ್ಕೆ ಬಹಳ ಸಹಕಾರ ಕೊಟ್ಟರು. ಎಂಟು ಹೀಗೆ ಹೋದವು. ಬದುಕಿದ್ದು, ಹೇಳಿದ ಜಾಗದಲ್ಲೇ ಇದ್ದು, ಕರೆದರೆ ಬರುವ ಆರೋಪಿ ಒಬ್ಬಳೇ ಉಳಿದಳು, ಮತ್ತು ಆಕೆಯೊಬ್ಬಳಿಂದ ಇಡೀ ಜಿಲ್ಲೆಯ ಶೂನ್ಯ ಕೆಟ್ಟಿತ್ತು.

ಜೈಬುನ್ನೀಸಾ ಹುಟ್ಟಿದ್ದು ಲಕ್ಷ್ಮೇಶ್ವರದಲ್ಲಿ. ಹದಿನೆಂಟಕ್ಕೆ ಸೋದರಮಾವನ ಮಗನನ್ನು ಮದುವೆಯಾಗಿ ಕರಾಚಿಗೆ ಹೋದಳು. ಗಂಡ ಅಲ್ಲಿನ ಬಂದರಿನಲ್ಲಿ ಕ್ರೇನಿನ ಕೆಳಗೆ ಸಿಕ್ಕು ಸತ್ತ ಮೇಲೆ ಅಣ್ಣನ ಮನೆಗೆ ಮರಳಿದಳು. ಬರುವಾಗ ಕೈಯಲ್ಲಿದ್ದ ಪಾಸ್‌ಪೋರ್ಟು ಆ ದೇಶದ್ದು. ಮೂರು ತಿಂಗಳ ಪರವಾನಿಗೆ ಮುಗಿದರೂ ತವರು ಬಿಟ್ಟು ಹೋಗಲಿಲ್ಲವೆಂದು ಅರವತ್ತಾರನೆಯ ಇಸವಿಯಲ್ಲಿ ಪೊಲೀಸರು ಕೇಸು ಹಾಕಿದರು. ಜಾಮೀನು ಕೊಟ್ಟ ಅಂದಿನ ನ್ಯಾಯಾಧೀಶರು ಒಂದು ಷರತ್ತು ಬರೆದರು: ಪ್ರಕರಣ ತೀರ್ಮಾನವಾಗುವ ತನಕ ಈಕೆ ಲಕ್ಷ್ಮೇಶ್ವರದ ಹದ್ದು ದಾಟಕೂಡದು. ದೇಶ ಬಿಟ್ಟು ಹೋಗಲಿಲ್ಲ ಎಂಬುದು ಆಕೆಯ ಅಪರಾಧ, ಊರು ಬಿಟ್ಟು ಹೋಗಬೇಡ ಎಂಬುದು ಆಕೆಗೆ ಆಜ್ಞೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮೂವತ್ತಮೂರು ವರ್ಷ ಕೇಸು ಬಾಕಿ ಉಳಿಯಿತು, ಆ ಬಾಕಿಯ ನೆರಳಿನಲ್ಲಿ ಆಕೆ ಅಣ್ಣನ ಮಕ್ಕಳನ್ನು ಸಾಕಿದಳು, ಆಮೇಲೆ ಆ ಮಕ್ಕಳ ಮಕ್ಕಳನ್ನು. ಕೂಗಿದರೆ ಕೇಳುವಷ್ಟು ಹತ್ತಿರದ ಅಡರಕಟ್ಟಿ ಎಂಬ ಊರಿಗೆ ಅಣ್ಣನ ಮಗಳನ್ನು ಕೊಟ್ಟಾಗ, ಹದ್ದಿನ ಕಲ್ಲಿನ ತನಕ ನಡೆದು ಹೋಗಿ, ಅಲ್ಲಿಂದಲೇ ಚಕ್ಕಡಿಗೆ ಕೈ ಬೀಸಿ ಬಂದಿದ್ದಳು. ಕೋರ್ಟಿನ ಕರೆ ಬಂದಾಗ ಮಾತ್ರ ಊರು ದಾಟಬಹುದು. ಹೀಗಾಗಿ ಆಕೆಗೆ ತಾರೀಕೆಂದರೆ ಪ್ರವಾಸ, ತಾರೀಕಿಗೆಂದೇ ಒಂದು ಒಳ್ಳೆಯ ಸೀರೆ ತೆಗೆದಿಟ್ಟಿದ್ದಳು. ಈ ದೇಶದಲ್ಲಿ ಇರಲು ಆಕೆಯ ಹತ್ತಿರ ಇದ್ದ ಒಂದೇ ಒಂದು ಹಕ್ಕುಪತ್ರ ಆ ಮುಗಿಯದ ಕೇಸು. ಇದು ನಿಜಲಿಂಗಪ್ಪನಿಗೆ ಈಗ ಎಷ್ಟು ಸ್ಪಷ್ಟವಾಗಿ ಕಾಣುತ್ತಿತ್ತೆಂದರೆ, ನಿನ್ನೆಯ ತನಕ ಇದು ಕಾಣದೆ ತಾನು ಯಾವ ಕಣ್ಣಿನಿಂದ ನೋಡುತ್ತಿದ್ದೆ ಎಂದು ನಾಚಿಕೆಯಾಯಿತು.

ಕಣ್ಣಿಗೆ ಆಗ ಬೇರೇನೋ ಕಟ್ಟಿತ್ತು. ಹೋದ ತಿಂಗಳ ಪರಿಶೀಲನಾ ಸಭೆಯಲ್ಲಿ ಸಾಹೇಬರು ಎಲ್ಲರ ಎದುರು, "ಏನ್ರೀ ನಿಜಲಿಂಗಪ್ಪ, ಒಂದು ಮುದುಕಿ ನಿಮ್ಮ ಕೈಲಿ ಮುಗಿಯಲಿಲ್ವಾ?" ಎಂದಿದ್ದರು. ಮೈಸೂರು ಕಡೆಯವರು, ಬೈದರೂ ಉಪಚಾರ ಮಾಡಿದಂತೆ ಕೇಳುತ್ತದೆ. ಸುತ್ತ ಕೂತವರು ನಕ್ಕರು. ನಿಜಲಿಂಗಪ್ಪನೂ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕವನು ತಾನೇ ಎಂದು ಮರುದಿನ ಬೆಳಿಗ್ಗೆ ಹಲ್ಲುಜ್ಜುವಾಗ ನೆನಪಾಗಿ ಕಿವಿ ಬಿಸಿಯಾಯಿತು. ಅಂದೇ ಲಕ್ಷ್ಮೇಶ್ವರದ ಬಸ್ಸು ಹತ್ತಿದ. ಜೈಬುನ್ನೀಸಾ ಅವನಿಗೆ ಕುರ್ಚಿ ಹಾಕಿ, ಸೆರಗಿನಿಂದಲೇ ಅದರ ಧೂಳು ಒರೆಸಿ, ತಾನು ಹೊಸ್ತಿಲ ಹತ್ತಿರ ಕೂತಳು. ಆಕೆಯ ಅಣ್ಣನ ಮಗ ಅಯ್ಯೂಬ, ಕಾಳಿನ ಅಂಗಡಿಯಲ್ಲಿ ತೂಕ ಮಾಡುವವನು, ಮೈಮೇಲಿನ ಹೊಟ್ಟು ಝಾಡಿಸುತ್ತ ಬಂದು ನಿಂತ.

"ಅಮ್ಮಾರ, ನಿಮ್ಮ ಕೇಸ್ ಮುಗಿಯೂ ಕಾಲ ಬಂತ್ರಿ" ಎಂದ ನಿಜಲಿಂಗಪ್ಪ.

"ಹೌದೇನ್ರಿ? ನಾ ಮುಗಿಯೂಕಿಂತ ಮೊದಲ?" ಎಂದು ಆಕೆ ನಕ್ಕಳು.

"ಸಾಹೇಬರು ತಪ್ಪು ಒಪ್ಪಿಕೊಳ್ತೀರೇನು ಅಂತ ಕೇಳ್ತಾರ. ತಪ್ಪಾತ್ರಿ ಅಂದಬಿಡ್ರಿ. ಸಂಜೀತನಕ ಬೆಂಚಿನ ಮ್ಯಾಲೆ ಕುಂಡ್ರಸ್ತಾರ, ಅಷ್ಟ ಶಿಕ್ಷಾ. ಆಮ್ಯಾಲೆ ಬಸ್ ಹತ್ತಿ ಮನಿಗಿ ಬರೂದು."

ಅಯ್ಯೂಬ ಸ್ವಲ್ಪ ತಡೆದು, "ವಕೀಲರನ್ನ ಒಂದ ಮಾತ ಕೇಳಿ ಹೇಳಿದ್ರ ನಡೀತೈತೇನ್ರಿ?" ಎಂದ.

"ಕೇಳ್ರಿ. ನನ್ನ ಮ್ಯಾಲೆ ಭರೋಸಾ ಇಲ್ಲಂದ್ರ ಅಗದಿ ಕೇಳ್ರಿ" ಎಂದು ನಿಜಲಿಂಗಪ್ಪ ಚಹಾದ ಕಪ್ಪು ಕೆಳಗಿಟ್ಟ. ಅದು ಅರ್ಧ ಕುಡಿದ ಕಪ್ಪು. ಇಡುವಾಗ ಎಷ್ಟು ಸಪ್ಪಳವಾಗಬೇಕೆಂದು ಅವನಿಗೆ ಗೊತ್ತಿತ್ತು.

"ಏ ಅಯ್ಯೂಬ, ಸುಮ್ನಿರು" ಎಂದು ಜೈಬುನ್ನೀಸಾ ಗದರಿಸಿದಳು. "ಇಂಥಾ ಬಿಸಲಾಗ ಮನಿತನಕ ಬಂದಾರ, ನಮಗ ಕೆಟ್ಟ ಮಾಡಾಕ ಬರ್ತಾರೇನು? ತಪ್ಪಾತ್ರಿ ಅಂದ್ರ ನನ್ನ ಬಾಯೇನ ಸವೆಯೂದಿಲ್ಲ. ಚಹಾ ಕುಡೀರಿ ಸಾಹೇಬ್ರ, ಆರಿ ಹೊಕ್ಕೈತಿ."

ಈ ಸೀಮೆಯಲ್ಲಿ ತಪ್ಪಾತ್ರಿ ಎನ್ನುವುದಕ್ಕೆ ತಪ್ಪು ಮಾಡಿರಬೇಕೆಂದೇನಿಲ್ಲ. ಬಸ್ಸಿನಲ್ಲಿ ಕಾಲು ತುಳಿದವನು ಅನ್ನುವ ಮೊದಲು ತುಳಿಸಿಕೊಂಡವನೇ ಅಂದುಬಿಡುತ್ತಾನೆ. ಹಿರಿಯರು ಸುಮ್ಮಸುಮ್ಮನೆ ಸಿಟ್ಟಾದರೆ ತಪ್ಪಾತ್ರಿ, ಬೀಗರು ಮುನಿದರೆ ತಪ್ಪಾತ್ರಿ, ದೀಪವಿಲ್ಲದ ಸೈಕಲ್ಲು ಹೊಡೆದು ಅದಾಲತ್ತಿನಲ್ಲಿ ಸಾಲು ನಿಂತವರು ಒಬ್ಬರ ಹಿಂದೊಬ್ಬರು ತಪ್ಪಾತ್ರಿ ಎಂದು ಹೇಳಿ ಅದೇ ಸೈಕಲ್ಲಿನ ಮೇಲೆ ಮನೆಗೆ ಹೋಗುತ್ತಾರೆ. ಅದು ತಪ್ಪೊಪ್ಪಿಗೆಯಲ್ಲ, ಮಾತು ಮುಗಿಸುವ ಮರ್ಯಾದೆ. ಆ ಮರ್ಯಾದೆಯ ಬೆಲೆ ಏನೆಂದು ನಿಜಲಿಂಗಪ್ಪನಿಗೆ ಗೊತ್ತಿರಲಿಲ್ಲವೇ? ಅಂತೂರ ಬೆಂತೂರದ ಶಾಲೆಯಲ್ಲಿ ಅವನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಮಾಸ್ತರರ ಕೈಗಡಿಯಾರ ಕಳೆದಿತ್ತು. ಮೇಜಿನ ಹತ್ತಿರ ಕೂರುತ್ತಿದ್ದವನು ಇವನೇ. ಅಪ್ಪ ಹೊಲಕ್ಕೆ ಹೋಗುವ ಅವಸರದಲ್ಲಿ ಬಂದು, "ಅನ್ನಲೇ, ತಪ್ಪಾತ್ರಿ ಅನ್ನು, ಹೊತ್ತಾತು" ಎಂದು ಕತ್ತು ಹಿಡಿದು ಬಗ್ಗಿಸಿದ. ಇವನು ಅಂದ. ಗಡಿಯಾರ ಮೂರನೆಯ ದಿನ ಮಾಸ್ತರರ ಕೋಟಿನ ಒಳಜೇಬಿನಲ್ಲೇ ಸಿಕ್ಕಿತು, ಅವರು ಅದನ್ನು ಕೈಗೆ ಕಟ್ಟಿಕೊಂಡು ಪಾಠ ಮುಂದುವರಿಸಿದರು, ಯಾರಿಗೂ ಏನೂ ಹೇಳಲಿಲ್ಲ. ಏಳನೆಯ ಇಯತ್ತೆ ಮುಗಿಯುವ ತನಕ ಅವನು ಗಡಿಯಾರದ ಕಳ್ಳನಾಗಿಯೇ ಉಳಿದ. ಅಂಥವನು ಲಕ್ಷ್ಮೇಶ್ವರಕ್ಕೆ ಹೋಗಿ, ಅರವತ್ತೈದು ವರ್ಷದ ಹೆಂಗಸಿನ ಕತ್ತನ್ನು ಎಷ್ಟು ಹಗುರಾಗಿ ಬಗ್ಗಿಸಿ ಬಂದಿದ್ದ!

ಬೆಳಿಗ್ಗೆ ಹನ್ನೊಂದಕ್ಕೆ ಹುಲಗಪ್ಪ ಕೂಗಿದ. ಜೈಬುನ್ನೀಸಾ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು. ತಪ್ಪು ಒಪ್ಪುತ್ತೀರಾ ಎಂದು ಸಾಹೇಬರು ಕೇಳಿದರು. "ತಪ್ಪಾತ್ರಿ" ಎಂದು ಆಕೆ ಎರಡೂ ಕೈ ಜೋಡಿಸಿದಳು. ಅಷ್ಟೇ ಹೇಳಿದರೆ ಒಣಒಣ ಕಂಡೀತೆಂದು, "ಏನರ ಹೆಚ್ಚು ಕಡಿಮಿ ಆಗಿದ್ರ ಹೊಟ್ಟ್ಯಾಗ ಹಾಕ್ಕೋರ್ರಿ" ಎಂದೂ ಸೇರಿಸಿದಳು. ಸಾಹೇಬರಿಗೆ ಕಣ್ಣು ಒದ್ದೆಯಾಯಿತು. ಮೂವತ್ತಮೂರು ವರ್ಷದ ಪ್ರಕರಣ ನಾಲ್ಕು ನಿಮಿಷಕ್ಕೆ ಮುಗಿಯಿತು. ಎಲ್ಲರೂ ಚಪ್ಪಾಳೆ ಹೊಡೆದರು, ಪೇಢೆ ಹಂಚಿದರು, ಆರೋಪಿಗೂ ಎರಡು ಕೊಟ್ಟರು. ಆಕೆ ಒಂದು ತಿಂದು ಒಂದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡಳು. ಶಿಕ್ಷೆ ಅನುಭವಿಸಲು ಬೆಂಚಿನ ಮೇಲೆ ಕೂತವಳು ಹುಟ್ಟಿದಂದಿನಿಂದ ಇಂದಿನ ತನಕ ಇಷ್ಟು ಹೊತ್ತು ಕೆಲಸವಿಲ್ಲದೆ ಕೂತದ್ದೇ ಇಲ್ಲವೆಂಬಂತೆ ಗೋಡೆ, ಫ್ಯಾನು, ಹಲ್ಲಿ ಎಲ್ಲವನ್ನೂ ನೋಡುತ್ತ ಖುಷಿಯಾಗಿದ್ದಳು. ಈಗ ನಿಜಲಿಂಗಪ್ಪ ತನ್ನ ಕಡೆ ನೋಡಿದ್ದನ್ನು ಕಂಡು, ಬಾಗಿ, ಗುಟ್ಟು ಕೇಳುವವಳಂತೆ ಕೇಳಿದಳು: "ಸಾಹೇಬ್ರ, ಶಿಕ್ಷಾದಾಗ ಎಲಿ ಅಡಕಿ ಹಾಕ್ಕೋಬಹುದೇನ್ರಿ?"

"ಹಾಕ್ಕೋರ್ರಿ" ಎಂದ. ಆಕೆ ಚಂಚಿ ಬಿಚ್ಚಿ, ಮೊದಲು ಅವನಿಗೇ ಒಂದು ಎಲೆ ಚಾಚಿದಳು. ಅವನು ಬೇಡವೆಂದು ತಲೆ ಆಡಿಸಿ ಹೊರಗೆದ್ದು ಹೋದ.

ಜಗಲಿಯ ಮೇಲೆ ಹುಲಗಪ್ಪ ಒಂದು ರಟ್ಟಿನ ಮೇಲೆ 'ಬಾಕಿ' ಎಂದು ಬರೆದು, ಅದರ ಕೆಳಗೆ ದೊಡ್ಡದೊಂದು ಸೊನ್ನೆ ಕೊರೆಯುತ್ತ ಕೂತಿದ್ದ. ಮೂವತ್ತು ವರ್ಷ ನಾಲ್ಕಾರು ಕೋರ್ಟುಗಳ ಬಾಗಿಲು ಕಾದ ಮನುಷ್ಯ. ಬರೆದ ಆದೇಶವನ್ನು ಸಾಹೇಬರಿಗೆ ತಿದ್ದಲು ಬರುತ್ತದೆಯೇ ಎಂದು ನಿಜಲಿಂಗಪ್ಪ ಯಾರದೋ ವಿಷಯವೆಂಬಂತೆ ಕೇಳಿದ. "ಕೋರ್ಟ್ ಏಳೂತನಕ ಬರದದ್ದು ಹಸೀನ ಇರತೈತ್ರಿ" ಎಂದ ಹುಲಗಪ್ಪ, "ಎದ್ದಮ್ಯಾಲೆ ಒಣಗಿಬಿಡತೈತಿ. ಯಾಕ್ರಿ?" "ಏನಿಲ್ಲ, ಸುಮ್ನ." ಬೇವಿನ ಗಿಡದ ಕೆಳಗೆ ಅಯ್ಯೂಬ ಕೂತಿದ್ದ. ಅವನಿಗೆ ಹೇಳಬಹುದಿತ್ತು. ಹೇಳಿದರೆ ಅವನು 'ವಕೀಲರನ್ನು ಕೇಳೋಣ ಎಂದಿದ್ದೆ' ಎಂದು ಬಾಯಿಬಿಟ್ಟು ಅನ್ನುವುದಿಲ್ಲ, ಸುಮ್ಮನೆ ನೋಡುತ್ತಾನೆ. ಆ ನೋಟದ ಅಂಜಿಕೆಗೆ ನಿಜಲಿಂಗಪ್ಪ ಒಳಗೆ ಬಂದ. ಸರಿ, ಸಾಹೇಬರಿಗೇ ಹೇಳುವುದು. ಆಕೆ ತಪ್ಪು ಒಪ್ಪಲಿಲ್ಲ ಸರ್, ನಾನು ಬಾಯಿಪಾಠ ಮಾಡಿಸಿದ್ದೆ. ಮಾತು ಬಿಗಿಯಾಯಿತು. ಒಂದು ಸಣ್ಣ ವಿಷಯ ಸರ್, ತಮಗೆ ಪುರುಸೊತ್ತಿದ್ದರೆ. ಇದು ಬಹಳ ಸಡಿಲ. ಮೂರ್ನಾಲ್ಕು ನಮೂನೆ ಕಟ್ಟಿ ನೋಡಿದ. ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಕೋರ್ಟು ಏಳುವುದು ಐದಕ್ಕೆ. ಐದಕ್ಕೆ ಹತ್ತು ನಿಮಿಷ ಇರುವಾಗ ಹೇಳುವುದೆಂದು ನಿಶ್ಚಯಿಸಿದ ಕೂಡಲೇ ಮೈ ಹಗುರಾಯಿತು, ಹೇಳಿಯೇ ಬಿಟ್ಟಷ್ಟು ಹಗುರ. ಕೆಲಸವನ್ನು ಕಡೆಯ ಗಳಿಗೆಗೆ ಇಟ್ಟುಕೊಳ್ಳುವುದರಲ್ಲಿ ಅವನಿಗೆ ಇಪ್ಪತ್ತೆರಡು ವರ್ಷದ ಅನುಭವವಿತ್ತು.

ಮೂರೂ ನಲವತ್ತಕ್ಕೆ ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ಮಾಡಲು ಏನೂ ಉಳಿದಿರಲಿಲ್ಲ. ಎಲ್ಲ ಮುಗಿಸಿಬಿಟ್ಟ ಕೋರ್ಟು ಐದರ ತನಕ ಯಾಕೆ ಕೂತಿರಬೇಕು? ಬೆಂಚಿನ ಕಡೆ ನೋಡಿ ಅವರು ಮೃದುವಾಗಿ, "ಪಾಪ, ಅಜ್ಜಿಗೆ ಎಷ್ಟು ಹೊತ್ತು ಶಿಕ್ಷೆ ಕೊಡೋದು? ಬೇಗ ಎದ್ಬಿಡೋಣ. ಮತ್ತೇನಾದ್ರೂ ಇದೆಯೇನ್ರೀ ನಿಜಲಿಂಗಪ್ಪ?" ಎಂದರು.

"ಏನೂ ಇಲ್ಲರಿ ಸರ್."

ಹೇಳಿದವನು ಅವನೇ. ತಲೆ ಯೋಚಿಸುವ ಮೊದಲೇ ನಾಲಿಗೆ ಹೇಳಿ ಮುಗಿಸಿತ್ತು. ಇಪ್ಪತ್ತೆರಡು ವರ್ಷ ದಿನಾ ಈ ಪ್ರಶ್ನೆಗೆ ಇದೇ ಉತ್ತರ ಕೊಟ್ಟು ಪಳಗಿದ ನಾಲಿಗೆ. ಸಾಹೇಬರು ಎದ್ದರು. ಎಲ್ಲರೂ ಎದ್ದರು. ಜೈಬುನ್ನೀಸಾಳೂ ಮೊಣಕಾಲು ಹಿಡಿದುಕೊಂಡು ಎದ್ದಳು. ಬಾಗಿಲಲ್ಲಿ ಮಹಿಳಾ ಪೊಲೀಸು ಹುಚ್ಚವ್ವ ಬಂದು ನಿಂತಿದ್ದಳು. ಹೊರಗೆ ಜೀಪಿನ ಸಪ್ಪಳ. ನಿಜಲಿಂಗಪ್ಪನಿಗೆ ತನ್ನ ಮೇಲೆ ಅಸಹ್ಯವಾಯಿತು. ಅಸಹ್ಯದ ಅಡಿಯಲ್ಲಿ, ಇನ್ನು ಹೇಳಬೇಕಾಗಿಲ್ಲವಲ್ಲ ಎಂಬ ಸಣ್ಣ ಸಮಾಧಾನವೂ ಇತ್ತು, ಅದಕ್ಕೆ ಇನ್ನಷ್ಟು ಅಸಹ್ಯವಾಯಿತು. ಸಾಹೇಬರು ನಿಂತಲ್ಲಿಂದಲೇ ಒಂದು ನಮೂನೆ ಮುಂದೆ ಚಾಚಿ, "ಆಕೇನ ಎಲ್ಲಿಗೆ ಕಳಿಸಬೇಕು, ಪೂರ್ತಿ ವಿಳಾಸ ಕೇಳಿ ತುಂಬಿ. ಸಹಿ ಹಾಕ್ತೀನಿ, ನಂಗೆ ರೈಲಿದೆ" ಎಂದರು. ಹಾಗಾದರೆ ಹಾಳೆಯ ಹಿಂದಿನ ಸಾಲು ಅವರಿಗೂ ಗೊತ್ತಿತ್ತೇ? ಕಣ್ಣು ಒದ್ದೆ ಮಾಡಿಕೊಂಡಾಗಲೂ ಗೊತ್ತಿತ್ತೇ? ಗೊತ್ತಿದ್ದಂತೆಯೂ ಕಾಣಲಿಲ್ಲ, ಇಲ್ಲದಂತೆಯೂ ಕಾಣಲಿಲ್ಲ. ರೈಲು ಇದ್ದವರಂತೆ ಕಂಡರು.

ಅವನು ನಮೂನೆ ಹಿಡಿದುಕೊಂಡು ಬೆಂಚಿನ ಹತ್ತಿರ ಹೋದ. ಕೇಳಬೇಕಾದದ್ದು ಕರಾಚಿಯ ವಿಳಾಸ.

"ಅಮ್ಮಾರ, ನಿಮ್ಮ ಮನಿ ವಿಳಾಸ ಹೇಳ್ರಿ."

"ಅಯ್ಯ, ಬಂದಿದ್ರೆಲ್ಲ ನೀವು, ಮರತ್ರೇನು? ಲಕ್ಷ್ಮೇಶ್ವರ, ಸೋಮೇಶ್ವರ ಗುಡಿ ಹಿಂದಿನ ಓಣಿ, ಬಾವಿ ದಾಟಿ ಎಡಕ. ಜೈಬುನ್ನೀಸಾ ಅಂದ್ರ ಯಾರರ ತೋರಸ್ತಾರ. ಈ ಸಲ ಮನಿಯವರನ್ನೂ ಕರಕೊಂಡ ಬರ್ರಿ, ಉಂಡ ಹೋಗೀರಂತ."

ನಿಜಲಿಂಗಪ್ಪ ಬರೆದ. ಧೈರ್ಯ ಮಾಡಿ ಬರೆದನೆಂದು ಹೇಳುವ ಹಾಗಿಲ್ಲ. ಕೇಳಿದ್ದನ್ನು ಬರೆಯುವುದು ಅವನ ಕೆಲಸ, ಕೈ ಬರೆಯಿತು. ಬಾವಿ ದಾಟಿ ಎಡಕ್ಕೆ ಎಂಬುದನ್ನೂ ಬಿಡಲಿಲ್ಲ. ಬರೆದಾದ ಮೇಲೆ ಓದಿದ; ಇವತ್ತು ಎರಡನೆಯ ಸಲ ಒಂದು ಹಾಳೆಯನ್ನು ಓದುತ್ತಿದ್ದ. ಹೊಡೆದು ಹಾಕಲು ಪೆನ್ನಿನ ತುದಿ ಇಳಿಯಿತು, ಅಲ್ಲೇ ನಿಂತಿತು. ಸಾಹೇಬರು ಗಡಿಯಾರ ನೋಡುತ್ತ ಸಹಿ ಹಾಕಿ, ಮೊಹರು ಒತ್ತಿಸಿ, ಹೊರಟುಹೋದರು. ಅವರೂ ಸಾಲು ತಪ್ಪದ ಜಾತಿಯವರೇ. ಹಾಳೆ ಹುಚ್ಚವ್ವನ ಕೈಗೆ ಬಂತು. ಆಕೆ ಓದಿದಳು. ಆ ಕಟ್ಟಡದಲ್ಲಿ ಸಹಿಯಾದ ಕಾಗದವೊಂದನ್ನು ಯಾರಾದರೂ ತಲೆಯಿಂದ ಬುಡದ ತನಕ ಓದಿದ್ದು ಅದೇ ಮೊದಲಿರಬೇಕು.

"ಸರ್, ಇದರಾಗ ಲಕ್ಷ್ಮೇಶ್ವರ ಅಂತ ಐತಿ" ಎಂದಳು ಹುಚ್ಚವ್ವ.

"ಹೌದು."

"ಕಳಸೂ ಜಾಗಾದ ಮುಂದ ಬರದೀರಿ. ಕೈತಪ್ಪಿ ಬರದ್ರೇನು?"

ಕೈತಪ್ಪಿ ಎಂದರೆ ಆಗುತ್ತಿತ್ತು. ಎಷ್ಟು ಚಂದದ ಬಾಗಿಲನ್ನು ಆಕೆ ತೆರೆದು ಹಿಡಿದಿದ್ದಳು! ಬಗ್ಗಿ ಒಳಗೆ ಹೋದರೆ ಮುಗಿಯಿತು. ಹೊಸ ಹಾಳೆ, ಹೊಸ ವಿಳಾಸ. ಜೈಬುನ್ನೀಸಾ ಇಬ್ಬರ ಮುಖವನ್ನೂ ಒಂದಾದ ಮೇಲೆ ಒಂದು ನೋಡುತ್ತ, ತನ್ನಿಂದ ಇವರಿಗೆ ಏನೋ ತೊಂದರೆಯಾಗಿದೆಯೆಂದು ಮತ್ತೆ ಕೈ ಜೋಡಿಸಲು ಹೊರಟಿದ್ದಳು.

"ಜೋಡಿಸಬ್ಯಾಡ್ರಿ" ಎಂದು ನಿಜಲಿಂಗಪ್ಪ ಆಕೆಗೆ ಒರಟಾಗಿಯೇ ಹೇಳಿದ. ಹುಚ್ಚವ್ವನ ಕಡೆ ತಿರುಗಿ, "ಕೈತಪ್ಪಿಲ್ಲ. ಅಲ್ಲೇ ಬಿಡ್ರಿ" ಎಂದ.

"ಖರೇನ್ರಿ? ನಾಳಿ ಮ್ಯಾಲಿನವರು ಕೇಳಿದ್ರ?"

"ನಿಜಲಿಂಗಪ್ಪ ಬರದಾನ ಅನ್ರಿ. ತಿಳದ ಬರದಾನ ಅನ್ರಿ."

ಹುಚ್ಚವ್ವ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟಳು. ಸಹಿ ಇತ್ತು, ಮೊಹರು ಇತ್ತು. ಆಕೆಗೆ ಅಷ್ಟು ಸಾಕು. "ನಡೀರಬೇ, ಮನಿತನಕ ಬಿಟ್ಟ ಬರ್ತೀವಿ" ಎಂದಳು. "ಅಯ್ಯ, ಬಸ್ಸಿಗಿ ಹೊಕ್ಕಿದ್ವಿ, ಎಷ್ಟ ತ್ರಾಸ ತಗೋತೀರಿ!" ಎಂದು ಜೈಬುನ್ನೀಸಾ ಸಂಕೋಚಪಡುತ್ತ ಜೀಪು ಹತ್ತಿದಳು, ಅಯ್ಯೂಬ ಹಿಂದಿನಿಂದ. ಸರಕಾರ ಪರದೇಶದವಳೊಬ್ಬಳನ್ನು ಕಾಯಿದೆ ಪ್ರಕಾರ ಸಾಗಿಸುವ ಕೆಲಸ ಸುರುವಾಯಿತು.

ಜೀಪು ತಿರುವಿನಲ್ಲಿ ಮರೆಯಾದದ್ದೇ ನಿಜಲಿಂಗಪ್ಪನಿಗೆ ಅದರ ಹಿಂದೆ ಓಡಿ ಕಾಗದ ಕಸಿದುಕೊಳ್ಳಬೇಕೆನಿಸಿತು. ಖಾಲಿ ಕೋರ್ಟಿನಲ್ಲಿ, ಆಕೆ ಕೂತಿದ್ದ ಬೆಂಚಿನ ಮೇಲೆಯೇ ಹೋಗಿ ಕೂತ. ನೋಟೀಸು ಬರುತ್ತದೆ. ತನ್ನ ಮೇಲೆಯೇ ವಿಚಾರಣೆ ಬರುತ್ತದೆ. ಮನೆಯಲ್ಲಿ ಏನು ಹೇಳುವುದು? ಆದರೆ ಗುಮಾಸ್ತನ ತಲೆ ಭಯದಲ್ಲೂ ಕಡತದ ದಾರಿಯಲ್ಲೇ ನಡೆಯುತ್ತದೆ. ವಿಚಾರಣೆ ಎಂದರೆ ಆ ಹಾಳೆಯೇ ಸಾಕ್ಷಿ. ವಿಚಾರಣೆ ಮುಗಿಯುವ ತನಕ ಆ ಹಾಳೆಯನ್ನು ಯಾರೂ ತಿದ್ದುವಂತಿಲ್ಲ, ಆಕೆಯ ಕಡತ ಒಂದು ಹೆಜ್ಜೆ ಮುಂದೆ ಹೋಗುವಂತಿಲ್ಲ. ಇಂಥ ವಿಚಾರಣೆಗಳು ಮುಗಿಯಲು ಎಷ್ಟು ವರ್ಷ ಹಿಡಿಯುತ್ತವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಹುಲಗಪ್ಪ ರಟ್ಟು ಎತ್ತಿಕೊಂಡು ಒಳಗೆ ಬಂದ. ಬಣ್ಣ ಒಣಗಿತ್ತು, ಸೊನ್ನೆ ದುಂಡಗೆ ಬಂದಿತ್ತು.

"ಬಾಗಲಿಗಿ ತೂಗಹಾಕ್ಲೇನ್ರಿ?"

"ತಡಿ, ಹಾಕಬ್ಯಾಡ" ಎಂದ ನಿಜಲಿಂಗಪ್ಪ. "ಒಂದು ಬಾಕಿ ಐತಿ."

"ಯಾರದ್ರಿ?"

"ನಂದು."